ನೆಟಿಗೆಯ ಸದ್ದು, ಸಂಧಿವಾತದ ಭಯ

ಬೆರಳಿನ ನೆಟಿಗೆ ಮುರಿಯುವ ಬಗ್ಗೆ ಚೆನ್ನೈನ ಮನೆಗಳಲ್ಲಿ, ಅವು ತಮಿಳರವಾಗಲಿ ಅಲ್ಲಿ ನೆಲೆಸಿದ ಕನ್ನಡಿಗರವಾಗಲಿ, ಒಂದಕ್ಕೊಂದು ಹೊಂದದ ಎರಡು ನಂಬಿಕೆಗಳು ಒಂದೇ ಸೂರಿನಡಿ ಬಾಳುತ್ತಿವೆ. ಅಜ್ಜಿ ಮೊಮ್ಮಗುವಿನ ಕೆನ್ನೆ ಸವರಿ, ಮಡಿಸಿದ ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ಸದ್ದು ಹೊರಡಿಸಿದರೆ ಅದು ದೃಷ್ಟಿ ತೆಗೆಯುವ ಕ್ರಮ. ಅದೇ ಮಗು ದೊಡ್ಡದಾಗಿ ಪುಸ್ತಕದ ಮುಂದೆ ಕುಳಿತು ನೆಟಿಗೆ ಮುರಿದರೆ ಅದು ಮುಪ್ಪಿನಲ್ಲಿ ಸಂಧಿವಾತ ತರುವ ಕೆಟ್ಟ ಚಾಳಿ. ಅಜ್ಜಿಯ ಬೆರಳಿಗೆ ತಗಲದ ರೋಗ ಮೊಮ್ಮಗುವಿನ ಬೆರಳಿಗೆ ಮಾತ್ರ ಏಕೆ ತಗಲಬೇಕೆಂದು ಕೇಳುವವರು ವಿರಳ.

ಮೂಳೆಗೆ ಮೂಳೆ ಉಜ್ಜಿ ಈ ಸದ್ದು ಹುಟ್ಟುತ್ತದೆ ಎಂಬುದು ಭಯದ ಮೂಲ. ಆದರೆ ಸದ್ದು ಬರುವುದು ಮೂಳೆಯಿಂದಲ್ಲ. ಬೆರಳಿನ ಕೀಲಿನಲ್ಲಿ ಎರಡು ಮೂಳೆಗಳ ತುದಿಗಳನ್ನು ಮೃದ್ವಸ್ಥಿಯೆಂಬ ನುಣುಪಾದ ಪದರ ಆವರಿಸಿರುತ್ತದೆ, ಅವುಗಳ ನಡುವೆ ಸೈನೋವಿಯಲ್ ದ್ರವವೆಂಬ ಜಾರುದ್ರವವಿರುತ್ತದೆ, ಆ ದ್ರವದಲ್ಲಿ ಇಂಗಾಲದ ಡೈ ಆಕ್ಸೈಡ್ ಮುಂತಾದ ಅನಿಲಗಳು ಕರಗಿರುತ್ತವೆ. ಬೆರಳನ್ನು ಎಳೆದಾಗ ಕೀಲಿನ ಒಳಗಿನ ಒತ್ತಡ ತಟ್ಟನೆ ಕುಸಿದು ಅನಿಲವು ಗುಳ್ಳೆಯಾಗಿ ಬೇರ್ಪಡುತ್ತದೆ. ಸದ್ದು ಆ ಗುಳ್ಳೆ ಒಡೆಯುವುದರಿಂದ ಬರುತ್ತದೆಂದು 1971ರಲ್ಲಿ ಬ್ರಿಟನ್ನಿನ ಸಂಶೋಧಕರು ಹೇಳಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಎಂ.ಆರ್.ಐ. ಯಂತ್ರದೊಳಗೇ ಬೆರಳೆಳೆದು ಚಿತ್ರೀಕರಿಸಿ, ಸದ್ದು ಗುಳ್ಳೆ ಹುಟ್ಟುವಾಗಲೇ ಬರುತ್ತದೆಂದು ವಾದಿಸಿತು; 2018ರಲ್ಲಿ ವಿನೀತ್ ಚಂದ್ರನ್ ಸುಜಾ ಮತ್ತು ಅಬ್ದುಲ್ ಬರಕತ್ ರೂಪಿಸಿದ ಗಣಿತ ಮಾದರಿ ಗುಳ್ಳೆ ಭಾಗಶಃ ಕುಸಿದರೂ ಸದ್ದಿಗೆ ಸಾಕೆಂದು ತೋರಿಸಿತು. ಹುಟ್ಟುವಾಗಲೋ ಕುಸಿಯುವಾಗಲೋ ಎಂಬ ಚರ್ಚೆ ಮುಗಿದಿಲ್ಲವಾದರೂ ಗುಳ್ಳೆಯ ಪಾತ್ರವನ್ನು ಈ ಮೂರೂ ತಂಡಗಳು ಒಪ್ಪುತ್ತವೆ.

ಒಮ್ಮೆ ಸದ್ದು ಮಾಡಿದ ಕೀಲು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡದಿರುವುದಕ್ಕೆ, ಅನಿಲ ದ್ರವದಲ್ಲಿ ಮರಳಿ ಕರಗಲು ಹಿಡಿಯುವ ಈ ಸಮಯವೇ ಕಾರಣ. ಹೆಚ್ಚು ನೆಟಿಗೆ ಬಿದ್ದಷ್ಟೂ ಹೆಚ್ಚು ದೃಷ್ಟಿ ತಗುಲಿತ್ತು ಎಂಬ ಲೆಕ್ಕವೂ ಇದರಿಂದ ಸಡಿಲವಾಗುತ್ತದೆ, ಏಕೆಂದರೆ ಆ ಎಣಿಕೆ ಹೇಳುವುದು ಮಗುವಿನ ಸಂಗತಿಯನ್ನಲ್ಲ, ಅಜ್ಜಿಯ ಬೆರಳುಗಳ ಸ್ಥಿತಿಯನ್ನು. ಹಾಗೆಂದು ಆ ಅಕ್ಕರೆಯ ಆಚಾರವನ್ನು ಕೈಬಿಡಬೇಕಾಗಿಲ್ಲ.

ಸಂಧಿವಾತದ ಆರೋಪವನ್ನು ಅತ್ಯಂತ ತಾಳ್ಮೆಯಿಂದ ಪರೀಕ್ಷಿಸಿದವರು ಕ್ಯಾಲಿಫೋರ್ನಿಯಾದ ವೈದ್ಯ ಡೊನಾಲ್ಡ್ ಅಂಗರ್. ತಾಯಿ ಮತ್ತು ಚಿಕ್ಕಮ್ಮಂದಿರ ಎಚ್ಚರಿಕೆ ಕೇಳಿ ಬೆಳೆದ ಅವರು ಐವತ್ತು ವರ್ಷ ಎಡಗೈಯ ನೆಟಿಗೆಯನ್ನು ದಿನಕ್ಕೆ ಎರಡು ಬಾರಿಯಾದರೂ ಮುರಿದು, ಹೋಲಿಕೆಗಾಗಿ ಬಲಗೈಯನ್ನು ಬಿಟ್ಟು, ಎರಡರಲ್ಲೂ ಸಂಧಿವಾತವಿಲ್ಲವೆಂದು 1998ರಲ್ಲಿ ಪ್ರಕಟಿಸಿದರು. 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿಯೂ ಬಂತು. ಒಬ್ಬರ ಎರಡು ಕೈ ಪುರಾವೆಯಾಗದು ನಿಜ. ಆದರೆ 2011ರಲ್ಲಿ ಪ್ರಕಟವಾದ 215 ಜನರ ಅಧ್ಯಯನದಲ್ಲಿ ನೆಟಿಗೆ ಮುರಿಯುವವರಲ್ಲಿ ಶೇ. 18.1, ಮುರಿಯದವರಲ್ಲಿ ಶೇ. 21.5 ಮಂದಿಗೆ ಕೈಕೀಲು ಸವೆತದ ಸಂಧಿವಾತವಿತ್ತು. ಈ ಅಂತರ ಗಣನೀಯವಲ್ಲ. ಅಭ್ಯಾಸವುಳ್ಳವರಲ್ಲಿ ಕೈ ಊತ ಹೆಚ್ಚು, ಹಿಡಿತದ ಬಲ ಕಡಿಮೆ ಎಂದು 1990ರ ಒಂದು ಅಧ್ಯಯನ ಹೇಳಿದ್ದುಂಟು. ನಂತರ ಪರೀಕ್ಷಿಸಿದವರಿಗೆ ಅದು ಕಂಡುಬರಲಿಲ್ಲ.

ಬೆರಳಿನ ಕೀಲು ನಿಜವಾಗಿ ನೋಯುವಾಗ ನೆಟಿಗೆಯನ್ನು ದೂರುತ್ತ ಕೂರುವುದು ಚೆನ್ನೈನಂಥ ನಗರದಲ್ಲಿ ಕಾಲಹರಣವೇ ಸರಿ. 1964ರಲ್ಲೂ 2006ರಲ್ಲೂ ಅಲ್ಲಿ ಹಬ್ಬಿದ ಚಿಕುನ್‌ಗುನ್ಯಾ, ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಬೆರಳು, ಮಣಿಕಟ್ಟುಗಳನ್ನು ಹಿಂಡಬಲ್ಲದು. ಅದನ್ನು ಹರಡುವ ಈಡಿಸ್ ಸೊಳ್ಳೆ ಮುಚ್ಚದ ಡ್ರಮ್ಮಿನಲ್ಲಿ ಹಿಡಿದಿಟ್ಟ ಶುದ್ಧ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆ, ಒಂದು ಗಂಟೆ ಪೆಡಸಾಗಿದ್ದು ಊದಿಕೊಂಡರೆ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲಿನ ಮೇಲೆರಗುವ ರುಮಟಾಯ್ಡ್ ಸಂಧಿವಾತವನ್ನು ವೈದ್ಯರು ಶಂಕಿಸುತ್ತಾರೆ. ನೋವು, ಊತ, ಬಿಗಿತ ಕೂಡಿದ ಸದ್ದು ಪರೀಕ್ಷೆಗೆ ಅರ್ಹ. ಬರಿಯ ಸದ್ದು ಅಲ್ಲ.

ಬೆರಳಿಗೆ ಹೇಳಿದ ಈ ಅಭಯವನ್ನು ಮಾತ್ರ ಕತ್ತಿಗೆ ವಿಸ್ತರಿಸಲಾಗದು. ಕ್ಷೌರದಂಗಡಿಯಲ್ಲಿ ತಲೆ ತಟ್ಟಿದ ಮೇಲೆ ಗಲ್ಲ ಹಿಡಿದು ಕತ್ತನ್ನು ಲಟಕ್ಕೆಂದು ತಿರುಗಿಸುವ ರೂಢಿಯಿದೆ. ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಕತ್ತಿನಲ್ಲೇ ಹಾದುಹೋಗುವುದರಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗುವುದುಂಟು, 2024ರಲ್ಲಿ ಬಳ್ಳಾರಿ ಮೂಲದ ಯುವಕನೊಬ್ಬನಿಗೆ ಹೀಗಾದದ್ದನ್ನು ಪತ್ರಿಕೆಗಳು ವರದಿ ಮಾಡಿದ್ದವು.