ಮುಂಗಾರಿಗೆ ಮೊದಲು ಸಂಘದ ಪುಸ್ತಕ ತೆರೆಯಿರಿ

ಈ ವಾರ ಬೀಜ-ಗೊಬ್ಬರಕ್ಕಿಂತ ಮೊದಲು ಸಂಘದ ಮಾತು ಹೇಳಬೇಕು ಅನ್ನಿಸ್ತು. 2022ರಲ್ಲಿ ಕಾರಹುಣ್ಣಿಮೆ ಜೂನ್ 14ಕ್ಕೆ ಬಂದಿತ್ತು. ಎತ್ತಿಗೆ ಬಣ್ಣ ಹಚ್ಚೋ ಹೊತ್ತಿಗೆ ಹೊಲ ಹಸನಾಗಿರಬೇಕು, ಕೈಯಾಗ ನಾಲ್ಕು ದುಡ್ಡೂ ಇರಬೇಕು. ಆ ದುಡ್ಡು ಎಲ್ಲಿಂದ ಬರ್ತದ ಅನ್ನೋದೇ ಇಲ್ಲಿನ ಪ್ರಶ್ನೆ.

ನಮ್ಮ ಯರಗೇರಾ ಇರುವುದು ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ರಸ್ತೆಯಲ್ಲಿ. ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯೋ ಸೀಮೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದ ಮೇಲೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋದವರು ಊರಿಗೆ ತಿರುಗಿ ಬಂದರು. ಆಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ, 2022ರಲ್ಲಿ 309 ಇತ್ತು. ಬದು, ಕೃಷಿ ಹೊಂಡದ ಕೆಲಸ ಎಷ್ಟೋ ಮನೆಗಳ ಒಲೆ ಉರಿಸಿತು. ಕೆಲಸ ಹೆಂಗೋ ನಡೀತು. ನಿಂತದ್ದು ನಾಲ್ಕು ಮಂದಿ ಕೂಡಿ ಕೂರೋದು.

ಭಜನೆ ಶುರುವಾಯ್ತು, ಸಂಘ ಯಾಕೆ ಆಗಲಿಲ್ಲ?

ಭಜನಾ ಮಂಡಳಿಯವರು ಕಟ್ಟೆ ಮೇಲೆ ದೂರ ದೂರ ಕುಂತು ಮತ್ತೆ ತಾಳ ಹಿಡಿದರು. ಹುಡುಗರು ಕಬಡ್ಡಿ ಅಂಕಣಕ್ಕೆ ಇಳಿದರು. ಮೊಹರಂನಲ್ಲಿ ಅಲಾಯಿ ಆಡೋ ಎಲ್ಲಾ ಜಾತಿಯ ಹಿರಿಯರು ಎರಡು ವರ್ಷ ಸುಮ್ಮನಿದ್ದು, 2022ರಲ್ಲಿ ಆಗಸ್ಟಿನ ಹಬ್ಬದ ಮಾತು ತೆಗೆದರು. ಉಳಿತಾಯದ ಸಂಘಗಳು ಮಾತ್ರ ಅಷ್ಟು ಬೇಗ ಕೂಡಲಿಲ್ಲ. ಕಾರಣ ಸರಳ. ಭಜನೆಯಲ್ಲಿ ಯಾರದೂ ಬಾಕಿ ಇರೋದಿಲ್ಲ. ಸಂಘದಲ್ಲಿ ಬಾಕಿ ಇದ್ದವರು ಮುಖ ತಪ್ಪಿಸ್ತಾರ, ಬಾಕಿ ಇಲ್ಲದವರು ಅನುಮಾನ ಪಡ್ತಾರ. ರೋಗ ಕಡಿಮೆಯಾದ ಮೇಲೂ ಸಭೆ ಕೂಡದೇ ಹೋದದ್ದು ಇದರಿಂದ.

ಒಂದು ಲೆಕ್ಕ ನೋಡ್ರಿ. 12 ಮಂದಿ, ವಾರಕ್ಕೆ ತಲಾ 50 ರೂಪಾಯಿ, 20 ವಾರ ಕಟ್ಟಿಲ್ಲ ಅಂದ್ರ 12,000 ರೂಪಾಯಿ ಉಳಿತಾಯ ಕಡಿಮೆ. ಇದರ ಜೊತೆ ಬ್ಯಾಂಕಿನ ಸಾಲ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಬಹಳ ಮಂದಿ ಅದನ್ನು ಮನ್ನಾ ಅಂದುಕೊಂಡರು. ಮನ್ನಾ ಅಲ್ಲ, ಬಡ್ಡಿ ನಡೆದೇ ಇತ್ತು. 50,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂದರೂ ಆರು ತಿಂಗಳಿಗೆ 3,000 ಆಯ್ತು. ಇದನ್ನು ಕೂತು ತಿಳಿಸಿ ಹೇಳದಿದ್ದರೆ ಪುಸ್ತಕ ಬರೆದವರೇ ಕಳ್ಳರಾಗ್ತಾರ.

ನಮ್ಮ ಓಣಿಯ ಸಂಘ ಮಾಡಿದ್ದು

ನಾನೂ ಒಬ್ಬ ಸದಸ್ಯೆ ಇರೋ ಮಹಿಳಾ ಸಂಘದಲ್ಲಿ ಮೊದಲ ಸಭೆಗೆ ಒಂದು ರೂಪಾಯಿಯನ್ನೂ ವಸೂಲಿ ಮಾಡಲಿಲ್ಲ. ಸಣ್ಣ ಕೋಣೆ ಬಿಟ್ಟು ಬಯಲಲ್ಲಿ ಕುಂತೀವಿ. ಪುಸ್ತಕವನ್ನು ಗಟ್ಟಿಯಾಗಿ ಓದಿಸೀವಿ. ಒಬ್ಬೊಬ್ಬರೂ ತಮ್ಮ ಪಾಸ್‌ಬುಕ್ ತಾಳೆ ನೋಡಿ ಸಹಿ ಹಾಕಿದರು. ತಪ್ಪಿದ ವಾರಗಳ ಉಳಿತಾಯವನ್ನು ಒಮ್ಮೆಲೇ ಕೇಳಬಾರದು, ಹೊಸ ವಾರದಿಂದ ಶುರು ಮಾಡಬೇಕು ಅಂತ ಠರಾವು ಬರೆದೀವಿ. ಕೂಲಿ ಮನೆಯವರು ವಾರದ ಕಂತು ಕಟ್ಟೋದು, ಹೊಲದವರು ಹತ್ತಿ ಬಿಡಿಸಿ ಮಾರಿದ ಮೇಲೆ ಕಟ್ಟೋದು.

ಕಷ್ಟ ಬಂದದ್ದು ಒಂದು ಹೆಸರಿನ ಹತ್ತಿರ. ಎರಡನೇ ಅಲೆಯಲ್ಲಿ ಆಕೆಯ ಗಂಡ ತೀರಿಹೋಗಿದ್ದ, ಸಂಘಕ್ಕೆ 18,000 ಬಾಕಿ. ಬಿಟ್ಟುಬಿಡೋಣ ಅಂದರು ಕೆಲವರು. "ಅದು ನಮ್ಮ ಕೂಲಿ ರೊಕ್ಕ, ಹೆಂಗ ಬಿಡೋದು?" ಅಂದರು ಕೆಲವರು. ಎರಡೂ ಮಾತು ಖರೇನೇ. ಕೊನೆಗೆ ಅಸಲು ಇರಲಿ, ಬಡ್ಡಿ ನಿಲ್ಲಲಿ ಅಂತ ಆಯ್ತು. ಆಕೆಗೆ 3 ಎಕರೆ ಹೊಲ ಐತಿ. 2022ರಲ್ಲಿ 475 ಗ್ರಾಂ ಬಿಟಿ-2 ಹತ್ತಿ ಬೀಜದ ಪೊಟ್ಟಣಕ್ಕೆ ಗರಿಷ್ಠ ದರ 810 ರೂಪಾಯಿ ಇತ್ತು. ಎಕರೆಗೆ ಒಂದೇ ಅಂದರೂ 2,430 ಬೇಕಿತ್ತು. ಅಂಗಡಿಯಿಂದ ಉದ್ರಿ ತಂದರೆ ಹತ್ತಿಯನ್ನೂ ಅಲ್ಲೇ ಹಾಕಬೇಕು, ಅವರು ಹೇಳಿದ್ದೇ ರೇಟು. ಅದಕ್ಕೇ ಬೀಜದ ದುಡ್ಡನ್ನು ಸಂಘದಿಂದಲೇ ಕೊಟ್ಟೀವಿ. ಮಳೆ ಕೈಕೊಟ್ಟರೆ ಆ ಹಣ ಬರೋದು ತಡ ಆಗ್ತದ. ಗೊತ್ತಿದ್ದೇ ಕೊಟ್ಟೀವಿ.

ನೀವು ಈ ವಾರ ಮಾಡಬೇಕಾದ್ದು

- ವಸೂಲಿ ಇಲ್ಲದ ಒಂದು ಸಭೆ ಕರೆಯಿರಿ. ಲೆಕ್ಕ ಓದೋದಷ್ಟೇ ಕೆಲಸ.
- ಅಸಲು, ಬಡ್ಡಿ, ಉಳಿತಾಯ ಮೂರನ್ನೂ ಬೇರೆ ಬೇರೆ ಬರೆಯಿರಿ. ಗೊಂದಲ ಇದ್ದರೆ ಪಂಚಾಯಿತಿಯ ಸಂಜೀವಿನಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರನ್ನು ಕರೆಸಿ.
- ಬ್ಯಾಂಕಿನಿಂದ ಸಾಲದ ಖಾತೆ ವಿವರ ತರಿಸಿ, ಎಲ್ಲರ ಮುಂದೆ ಓದಿ.
- ಕಂತನ್ನು ಬೆಳೆ ಬರೋ ತಿಂಗಳಿಗೆ ಹೊಂದಿಸಿ, ಠರಾವು ಮಾಡಿ.
- ಬೀಜಕ್ಕೆ ಅಂತ ಸ್ವಲ್ಪ ಹಣ ಬೇರೆ ಇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಏನು ಬಂದಿದೆ ಅಂತ ವಿಚಾರಿಸಿ.

ಜೀವನೋಪಾಯ ಅಭಿಯಾನದ ಸ್ವಸಹಾಯ ಸಂಘಗಳಿಗೆ ಆಸ್ತಿ ಅಡಮಾನವಿಲ್ಲದೆ ಕೊಡುವ ಸಾಲದ ಮಿತಿ 2021ರಲ್ಲಿ 10 ಲಕ್ಷದಿಂದ 20 ಲಕ್ಷಕ್ಕೆ ಏರಿದೆ. ಆದರೆ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ಬರವಣಿಗೆ ಎಂಬ ಪಂಚಸೂತ್ರ ಪಾಲಿಸದ ಸಂಘಕ್ಕೆ ಆ ಬಾಗಿಲು ತೆರೆಯೋದು ಕಷ್ಟ. ಐದರಲ್ಲಿ ಮೊದಲನೆಯದು ಸಭೆ. ಬಾಕಿ ಇದ್ದವರನ್ನೇ ಮೊದಲು ಕರೆಯಿರಿ. ಅವರು ಬಂದು ಕುಂತರೆ ಅರ್ಧ ಸಂಘ ಕೂಡಿದಂಗ.