ಓಪನ್ ಕಾರು ಮಾರಾಟಕ್ಕಿದೆ! ಮೇಕಪ್ಪಿಗೆ ಮರುಳಾದೀರಿ, ಜೋಕೆ!

ಪರದೆಯ ಮೇಲೆ ಹೀರೋ ಟಾಪ್ ಇಳಿಸಿದ ಫಾರಿನ್ ಕಾರಿನಲ್ಲಿ ಬಂದ ಅಂದ್ರೆ ಸಾಕು, ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! ಪಕ್ಕದಲ್ಲಿ ನಾಯಕಿ, ಗಾಳಿಗೆ ಹಾರುವ ಸೆರಗು, ಜೊತೆಗೊಂದು ಡ್ಯುಯೆಟ್... ಹೊಸಪೇಟೆಯ ಹುಡುಗ ಅಂಥದೇ ಕಾರಿನಲ್ಲಿ ಹಂಪಿಗೆ ಹೋದಂತೆ ಕನಸು ಕಂಡರೆ ತಪ್ಪೇನು? ಕನಸಿಗೆ ಟಿಕೆಟ್ ಇಲ್ಲ. ಆದರೆ ‘ಹೊಸದರಂತೆ ಮಾಡಿದ ವಿಂಟೇಜ್ ಕಾರು ಮಾರಾಟಕ್ಕಿದೆ’ ಎಂಬ ಜಾಹೀರಾತು ನೋಡಿ, ಕಂಪ್ಲಿಯಲ್ಲಿರೋ ಅಪ್ಪನ ಭತ್ತದ ಗದ್ದೆಯ ಮೇಲೆ ಕಣ್ಣು ಹಾಕುವ ಮುಂಚೆ ಇದನ್ನು ಓದಿ ಗುರೂ!

ಒಂದು ಕಾಲಕ್ಕೆ ಇಂಥ ಕಾರು ಅಂದರೆ ರಾಜರ ಸೊತ್ತು. ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ತರಿಸುತ್ತಿದ್ದರೆಂಬ ಮಾತು ಇಂದಿಗೂ ಕಾರು ಪ್ರಿಯರ ಬಾಯಲ್ಲಿದೆ. ಆಮೇಲೆ ಕಾಲ ತಿರುಗಿತು. ಘೋರ್ಪಡೆ ಮನೆತನದ ನಮ್ಮ ಪುಟ್ಟ ಸಂಡೂರು ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತು. 1971ರಲ್ಲಿ ರಾಜಧನವೂ ರದ್ದಾಯಿತು. ದೇಶದ ಎಷ್ಟೋ ಅರಮನೆಗಳ ಕಾರುಗಳು ಕೈ ಬದಲಾಯಿಸಿದವು. ರಾಜ್‌ಕೋಟ್ ದೊರೆಗಾಗಿ 1934ರಲ್ಲಿ ತಯಾರಾದ ಕೇಸರಿ ಬಣ್ಣದ ರೋಲ್ಸ್ ರಾಯ್ಸ್ ‘ಸ್ಟಾರ್ ಆಫ್ ಇಂಡಿಯಾ’ ಕಡಲು ದಾಟಿಯೇ ಹೋಯಿತು. ದಶಕಗಳ ಮೇಲೆ ಅದೇ ಮನೆತನ ಅದನ್ನು ಮತ್ತೆ ಕೊಂಡು ತರಬೇಕಾಯಿತು!

ರೋಲ್ಸ್ ಮಾತು ಬಿಡಿ, ಅದು ನಮ್ಮ ನಿಮ್ಮ ಕೈಗೆ ಎಟುಕೋದಲ್ಲ. ಸಿನಿಮಾ ಕಣ್ಣಿಗೆ ಹೇಳಿ ಮಾಡಿಸಿದ್ದು ಮರ್ಸಿಡಿಸ್ ಬೆಂಝ್ 190 ಎಸ್‌ಎಲ್. ಜರ್ಮನಿಯ ಚೆಲುವೆ. 1955ರಿಂದ 1963ರವರೆಗೆ 25,881 ಕಾರುಗಳು ಮಾತ್ರ ತಯಾರಾದವು. ಕೊನೆಯದಕ್ಕೂ ಈಗ ಅರವತ್ತು ದಾಟಿದೆ. ಅರವತ್ತರ ಚೆಲುವೆ ಇಪ್ಪತ್ತರ ಹಾಗೆ ಮಿಂಚುತ್ತಿದ್ದರೆ ಸಹಜ ಚೆಲುವೋ, ಮೇಕಪ್ಪೋ ನೋಡಬೇಕಲ್ಲ?

ಅದಕ್ಕೊಂದು ಸುಲಭ ಉಪಾಯವಿದೆ. ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಈ ಕಾರಿನ ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂ. ಅಲ್ಲಿ ಅಯಸ್ಕಾಂತ ಅಂಟೋದಿಲ್ಲ, ಹೆದರಬೇಡಿ. ಮಿಕ್ಕ ಬಾಡಿ ಉಕ್ಕು. ಅಲ್ಲೂ ಅಂಟದಿದ್ದರೆ? ಬಣ್ಣದ ಕೆಳಗೆ ತಗಡಿಲ್ಲ, ಬರೀ ಪುಟ್ಟಿ! ತುಕ್ಕಿನ ಬಣ್ಣ ಯಾವುದು ಅಂತ ಸಂಡೂರಿನವರಿಗೆ ಹೇಳಿಕೊಡಬೇಕೇ? ಅದಿರಿನ ಕೆಂಪು ಧೂಳೂ ತುಕ್ಕೂ ಒಂದೇ ಬಳಗ.

ಇನ್ನು ಬಾಗಿಲ ಕೆಳಗಿನ ಅಂಚು. ತಲೆಯ ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿಗೆ ಆ ಅಂಚೇ ಬೆನ್ನುಮೂಳೆ. ಅದು ತಿಂದು ಹೋಗಿದ್ದರೆ ಕಾರು ನಡುವಿನಲ್ಲಿ ಬಾಗುತ್ತೆ, ಬಾಗಿಲು ಸರಿಯಾಗಿ ಕೂರೋದಿಲ್ಲ. ಬಾಗಿಲು ತೆಗೆದು ಹಾಕಿ ನೋಡಿ, ಸದ್ದೇ ಗುಟ್ಟು ಬಿಡುತ್ತೆ.

ಆಮೇಲೆ ಕಾಗದ. ‘ಮಿಂಚಿನ ಓಟ’ (1980) ನೋಡಿದ್ದೀರಲ್ಲ? ನಾಗ್ ಸೋದರರ ಆ ಕಾರು ಕಳ್ಳರ ಕಥೆ ತೆರೆಯ ಮೇಲೆ ಚೆನ್ನ. ಕದ್ದ ಕಾರು ನಿಮ್ಮ ಮನೆ ಮುಂದೆ ನಿಂತರೆ ಚೆನ್ನಲ್ಲ! ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ದಾಖಲೆಗೆ ತಾಳೆಯಾಗಲೇಬೇಕು.

2021ರ ಕೇಂದ್ರ ಸರ್ಕಾರದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಸ್ವಂತ ಬಳಕೆಯ ವಾಹನಕ್ಕೆ ಮಾತ್ರ ‘ವಿಂಟೇಜ್’ ಪಟ್ಟ. ಚಾಸಿ, ಬಾಡಿ, ಎಂಜಿನ್ ಬದಲಾಯಿಸಿದ್ದರೆ ಪಟ್ಟ ಹೋಯಿತು. ಬೆಂಝ್ ಹೊಟ್ಟೆಯಲ್ಲಿ ಅಂಬಾಸಡರ್ ಎಂಜಿನ್ ಕೂರಿಸಿದ್ದರೆ ಮುಗೀತು ಕಥೆ! ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಹೊಸ ನಂಬರ್ ಪ್ಲೇಟಿನಲ್ಲಿ ನಮ್ಮ ಹೊಸಪೇಟೆಯ ಕೆಎ 35 ಇರೋದಿಲ್ಲ. ಕೆಎ ಆದ ಮೇಲೆ ‘ವಿಎ’ ಬರುತ್ತೆ. ಹಳೆಯ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮಾರುವವರೂ ಕೊಳ್ಳುವವರೂ ಸಾರಿಗೆ ಇಲಾಖೆಗೆ ತಿಳಿಸಲೇಬೇಕು.

ಈಗ ಕ್ಲೈಮ್ಯಾಕ್ಸ್! ‘ಶೂಟಿಂಗಿಗೆ ಬಾಡಿಗೆ ಬಿಡ್ತೀನಿ, ಸಾಲ ತೀರಿಸ್ತೀನಿ’ ಅಂತೀರಾ? ಆ ನಿಯಮದಡಿ ನೋಂದಾಯಿಸಿದ ಕಾರನ್ನು ವ್ಯಾಪಾರಕ್ಕೂ ಓಡಿಸುವಂತಿಲ್ಲ, ದಿನನಿತ್ಯದ ಓಡಾಟಕ್ಕೂ ಇಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ ರಸ್ತೆಗಿಳಿಯಬೇಕು. ಬಾಡಿಗೆ ನೆಚ್ಚಿಕೊಂಡು ಸಾಲ ಮಾಡಿದವನಿಗೆ ಬಡ್ಡಿಯೇ ವಿಲನ್!

ಆಸೆ ತಡೆಯದಿದ್ದರೆ ಧರ್ಮಸ್ಥಳದ ಬಸ್ ಹತ್ತಿ. ಅಲ್ಲಿನ ಮ್ಯೂಸಿಯಂನಲ್ಲಿ ಹಳೆಯ ಕಾರುಗಳು ಸಾಲಾಗಿ ನಿಂತಿವೆ. ಕಣ್ತುಂಬ ನೋಡಿ ಬನ್ನಿ. ಗದ್ದೆ ಅಪ್ಪನ ಹೆಸರಿನಲ್ಲೇ ಇರಲಿ!