ಬೆನ್ನೆಲುಬಿನ ಆರೋಗ್ಯಕ್ಕೆ ತಿರುಚುವ ವ್ಯಾಯಾಮ

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರೂ ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರೂ ಬಹುಹೊತ್ತು ಒಂದೇ ಭಂಗಿಯಲ್ಲಿ ದುಡಿಯುವರು. ಉತ್ತರಪತ್ರಿಕೆ ತಿದ್ದುವ ಉಪಾಧ್ಯಾಯರ ಸ್ಥಿತಿಯೂ ಭಿನ್ನವಲ್ಲ. ಹೀಗೆ ಬಿಗಿದ ಬೆನ್ನನ್ನು ಸಡಿಲಿಸಲು ತಿರುಚುವ ವ್ಯಾಯಾಮಗಳು ನೆರವಾಗುತ್ತವೆ. ಜರ್ಮನಿಯಲ್ಲಿ ಜನಿಸಿದ ಜೋಸೆಫ್ ಪಿಲಾಟಿಸ್ (1883–1967) ರೂಪಿಸಿದ ಪದ್ಧತಿಯಲ್ಲಿಯೂ ನಮ್ಮ ಹಠಯೋಗದ ಮತ್ಸ್ಯೇಂದ್ರಾಸನದಲ್ಲಿಯೂ ಇಂಥ ತಿರುಚು ಉಂಟು.

ಇಲ್ಲಿ ಒಂದು ಮರ್ಮವನ್ನು ಅರಿಯಬೇಕು. ಎದೆಯ ಹಿಂಭಾಗದ 12 ಕಶೇರುಮಣಿಗಳು ಹೆಚ್ಚು ತಿರುಗಬಲ್ಲವು. ಸೊಂಟದ 5 ಮಣಿಗಳಿಗೆ ಆ ಅವಕಾಶ ಅತ್ಯಲ್ಪ. ಆದುದರಿಂದ ಬೆನ್ನನ್ನು ನೆಟ್ಟಗಿರಿಸಿ, ಉಸಿರು ಬಿಡುತ್ತ, ಎದೆಯನ್ನು ಮೆಲ್ಲನೆ ತಿರುಗಿಸಬೇಕು. ಸೊಂಟವನ್ನು ಬಲವಂತದಿಂದ ಹಿಂಡಬಾರದು. ಕಾಲಿಗಿಳಿಯುವ ನೋವುಳ್ಳವರೂ ಮೂಳೆ ಟೊಳ್ಳಾದವರೂ ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ದುಡಿಯುವವನಿಗೆ ಕೈಯಂತೆ ಬೆನ್ನೂ ಬಂಡವಾಳವೇ ಸರಿ.